ಮೇಯರ್ ಗೌನಿಗೆ ಎರಡು ಅಳತೆ

ಪಕ್ಷದ ಕಾರ್ಯದರ್ಶಿ ಪ್ಲಾಸ್ಟಿಕ್ ಕವರಿನಿಂದ ಒಂದು ರವಿಕೆ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಮೇಯರ್ ಗೌನಿಗೆ ಇದೇ ಅಳತೆ. ಯಾರದು ಅಂತ ಮಾತ್ರ ಕೇಳಬೇಡಿ ಅಮ್ಮಣಿ" ಎಂದು ತಮಿಳಿನಲ್ಲಿ ಹೇಳಿದರು. ನಾನು ಕೇಳಲಿಲ್ಲ. ರವಿಕೆಯ ಬಲ ಭುಜದೊಳಗೆ ಬಟ್ಟೆಯ ಒಂದು ಪಟ್ಟಿ ಕೂರಿಸಿತ್ತು. ಅದನ್ನು ಕೂರಿಸಿದವಳೇ ನಾನು, ಇನ್ನು ಕೇಳುವುದೇನು.

ಕೋರ್ಟಿನ ಹಿಂದಿನ ಬೀದಿಯಲ್ಲಿ ನನ್ನದು ಹೊಲಿಗೆ ಅಂಗಡಿ. ರವಿಕೆ, ಚೂಡಿದಾರ್ ಎಲ್ಲ ಹೊಲಿಯುತ್ತೇನೆ, ಆದರೆ ಜನ ಹುಡುಕಿಕೊಂಡು ಬರುವುದು ಗೌನಿಗೆ. ವಕೀಲರ ಕಪ್ಪು ಗೌನು, ಕಾಲೇಜಿನಲ್ಲಿ ಪದವಿ ಕೊಡುವ ದಿನದ ಗೌನು. ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳಲ್ಲಿ ಒಂದೊಂದು ಮಹಾನಗರ ಪಾಲಿಕೆ ಇದೆ. ಇದು ಯಾವ ಊರಿನ ಮೇಯರ್ ವಿಷಯ ಎಂದು ನಾನು ಹೇಳುವುದಿಲ್ಲ. ಬಾಯಿ ಬಿಟ್ಟು ಆದದ್ದೇ ಸಾಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಸಿರುಮುಗೈಯ ರೇಷ್ಮೆ ನೇಕಾರರ ಮನೆ. ತಲೆತಲಾಂತರದಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು, ಬರೆಯಲು ನನಗೆ ಬಾರದು. ನಾನು ಹೇಳುತ್ತಾ ಹೋದೆ, ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದುಕೊಂಡವಳು ಬೇರೆಯವಳು. ಅವಳು ಯಾರೆಂಬುದು ನಡುವೆ ಬರುತ್ತದೆ.

ಆಗ ತಾನೇ ವಾರ್ಡುಗಳ ಚುನಾವಣೆ ಮುಗಿದು ಕೌನ್ಸಿಲರುಗಳು ಗೆದ್ದು ಬಂದಿದ್ದರು. ಮೇಯರ್ ಚುನಾವಣೆ ಮುಂದಿತ್ತು. ನಮ್ಮ ಕಡೆ ಮೇಯರನ್ನು ಆರಿಸುವುದು ಕೌನ್ಸಿಲರುಗಳು, ಜನರಲ್ಲ. ಬಹುಮತ ಇರುವ ಪಕ್ಷ ಯಾರ ಹೆಸರು ಹೇಳುತ್ತದೋ ಅವರೇ ಮೇಯರ್. ಆ ಹೆಸರನ್ನು ಹಿಂದಿನ ದಿನದವರೆಗೂ ಮುಚ್ಚಿಡುತ್ತಾರೆ. ಈ ಸಲ ಕುರ್ಚಿ ಹೆಂಗಸರಿಗೆ ಮೀಸಲಾಗಿತ್ತು. ಪಕ್ಷಕ್ಕೆ ಬಹುಮತ ಇತ್ತು, ಆದರೆ ತೆಳು. ನಾಲ್ಕೈದು ಜನ ಆಚೆ ಪಕ್ಷಕ್ಕೆ ಹಾರಿದರೆ ಎಲ್ಲ ತಲೆಕೆಳಗು.

ಪ್ರಮಾಣವಚನಕ್ಕೆ ಮೇಯರ್ ಕೆಂಪು ಗೌನು ಹಾಕಿಕೊಳ್ಳಬೇಕು. ಹಳೆಯದನ್ನು ಒಬ್ಬ ಎತ್ತರದ ಗಂಡಸಿಗೆ ಹೊಲಿದಿದ್ದರು. ಹೆಂಗಸು ಹಾಕಿಕೊಂಡರೆ ವೇದಿಕೆಯ ಮೆಟ್ಟಿಲ ಮೇಲೆ ಎಡವುವುದು ಖಂಡಿತ. ಹಾಗಾಗಿ ಪಾಲಿಕೆಯ ಕೌನ್ಸಿಲ್ ವಿಭಾಗದ ಅಧಿಕಾರಿ ನನ್ನ ಬಳಿ ಬಂದಿದ್ದರು. ಸಿರುಮುಗೈಯ ರೇಷ್ಮೆಯೇ ಆಗಲಿ ಎಂದು ತೀರ್ಮಾನವಾಗಿ, ನನ್ನ ಅಣ್ಣ ತನ್ನ ಮಗ್ಗದಲ್ಲಿ ಕೆಂಪು ಬಟ್ಟೆ ನೆಯ್ದು ಜರಿ ಅಂಚು ಹಾಕಿ ಬಸ್ಸಿನಲ್ಲಿ ತಂದುಕೊಟ್ಟ. ಬೇಕಿದ್ದಷ್ಟೇ ನೆಯ್ದಿದ್ದ. ಇನ್ನೊಂದು ಗಜ ಬೇಕೆಂದರೂ ಮಗ್ಗಕ್ಕೆ ನೂಲಿನ ಹಾಸು ಹೂಡುವುದರಿಂದ ಶುರು ಮಾಡಬೇಕು, ಅಷ್ಟು ದಿನ ಯಾರ ಹತ್ತಿರವೂ ಇರಲಿಲ್ಲ. ಬಟ್ಟೆ ಕೈಯಲ್ಲಿ, ಅಳತೆ ಇಲ್ಲ. ಅಧಿಕಾರಿಯನ್ನು ಕೇಳಿದರೆ, "ಯಾರು ಮೇಯರ್ ಅಂತ ನನಗೇನಮ್ಮ ಗೊತ್ತು, ಪಕ್ಷದವರನ್ನು ಕೇಳಿ" ಎಂದು ನಕ್ಕರು. ಅದಾದ ಮೇಲೆ ಕಾರ್ಯದರ್ಶಿ ಆ ರವಿಕೆ ತಂದದ್ದು.

ಆ ರವಿಕೆ ಅಕ್ಕನದು. ಒಡಹುಟ್ಟಿದವಳಲ್ಲ. ಸಿರುಮುಗೈಯಲ್ಲಿ ನಮ್ಮ ಬೀದಿಯವಳೇ, ಚಿಕ್ಕಂದಿನಿಂದ ನನಗೆ ಅಕ್ಕ. ಮದುವೆಯಾಗಿ ಈ ಊರಿನ ನೇಕಾರರ ಬೀದಿಗೆ ಬಂದವಳು, ಎರಡನೇ ಸಲ ಕೌನ್ಸಿಲರ್ ಆಗಿ ಗೆದ್ದಿದ್ದಳು. ಹುಡುಗಿಯಾಗಿದ್ದಾಗಿನಿಂದ ಮಗ್ಗದಲ್ಲಿ ಲಾಳಿಯ ಹಗ್ಗ ಎಳೆದೆಳೆದು ಅವಳ ಬಲ ಭುಜ ಅರ್ಧ ಇಂಚು ಇಳಿದಿದೆ. ಒಳಗೆ ಪಟ್ಟಿ ಕೂರಿಸದಿದ್ದರೆ ರವಿಕೆ ಜಾರುತ್ತದೆ.

ನನ್ನ ಮುಖ ನೋಡಿಯೇ ಕಾರ್ಯದರ್ಶಿಗೆ ಗೊತ್ತಾಯಿತು. ಕುರ್ಚಿ ಎಳೆದುಕೊಂಡು ಕೂತರು. "ಕಂಡುಹಿಡಿದಿರಾ? ಸರಿ. ಅವರ ಯಜಮಾನರ ಕೈಯಿಂದಲೇ ಇಸ್ಕೊಂಡು ಬಂದೆ. ಆ ಅಮ್ಮನಿಗೇ ಇನ್ನೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಅವರ ಬಾಯಿ ನಿಮಗೆ ಗೊತ್ತಿರೋದೇ. ಆ ಕುರ್ಚಿ ಮೇಲೆ ಇನ್ನೂ ಮೂರು ಜನ ಕಣ್ಣಿಟ್ಟಿದ್ದಾರೆ. ಹೆಸರು ಹೊರಗೆ ಬಿತ್ತು ಅಂದರೆ ಮೇಲಿನವರು ಹೆಸರನ್ನೇ ಬದಲಾಯಿಸಿಬಿಡುತ್ತಾರೆ" ಎಂದರು. ಬೆದರಿಸಲಿಲ್ಲ, ನನ್ನ ಯಂತ್ರದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. ಒಳ್ಳೆಯ ಮನುಷ್ಯ, ನಿದ್ದೆಗೆಟ್ಟ ಕಣ್ಣು. ನನ್ನ ಬಾಯಿಂದ ಹೊರಗೆ ಬೀಳುವುದಿಲ್ಲ ಎಂದು ಮಾತು ಕೊಟ್ಟೆ.

ಅವರು ಹೋದ ಮೇಲೆ ನನ್ನ ಸಂತೋಷಕ್ಕೆ ಎಲ್ಲೆಯೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಮೂಗು ಸೋರಿಸಿಕೊಂಡು ಓಡಾಡಿದವಳು ಮೇಯರ್. ಯಾರಿಗೂ ಹೇಳುವ ಹಾಗಿಲ್ಲ. ಒಬ್ಬಳೇ ಎದ್ದು ಕಾಫಿ ಮಾಡಿಕೊಂಡು ಕುಡಿದೆ.

ಕೆಲಸಕ್ಕೆ ಕೂತಾಗ ತೊಡಕು ಕಾಣಿಸಿತು. ರವಿಕೆಯಿಂದ ಭುಜ, ಎದೆ, ಕೊರಳು, ತೋಳು ಸಿಗುತ್ತದೆ. ಎತ್ತರ ಸಿಗುವುದಿಲ್ಲ. ಗೌನಿನ ಜೀವ ಇರುವುದೇ ಎತ್ತರದಲ್ಲಿ. ಭುಜಪಟ್ಟಿಯಿಂದ ನೆರಿಗೆ ನೇರ ಇಳಿದು ಹಿಮ್ಮಡಿಗೆ ನಾಲ್ಕು ಬೆರಳು ಮೇಲೆ ನಿಲ್ಲಬೇಕು. ಕೆಳಗೆ ಜರಿ ಅಂಚು ಇರುವುದರಿಂದ ಕೊನೆಯಲ್ಲಿ ಕತ್ತರಿಸಿ ಸರಿಮಾಡುವ ಹಾಗೂ ಇಲ್ಲ. ಅದೂ ಅಲ್ಲದೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಶುಭಕ್ಕೆಂದು ನೆಯ್ದ ಬಟ್ಟೆಗೆ ಕತ್ತರಿ ಹಾಕುವ ಮೊದಲು ಮೂಲೆಗೆ ಅರಿಶಿನ ಹಚ್ಚಿ, ತೊಡುವವರ ಹೆಸರು ಬಾಯಿಬಿಟ್ಟು ಹೇಳಬೇಕು. ನೆಯ್ದವರೂ ಹೇಳಬೇಕು, ಹೊಲಿಯುವವರೂ ಹೇಳಬೇಕು. ಅಣ್ಣ ಫೋನಿನಲ್ಲಿ ದಿನಾ ಅದನ್ನೇ ಕೇಳುತ್ತಿದ್ದ. "ಪೇರು ಇಲ್ದೆ ಕತ್ತರಿ ಇಕ್ಬೇಡ" ಎನ್ನುತ್ತಿದ್ದ. ಪೇರು ಎಂದರೆ ಹೆಸರು. ನಾನು ಹೂಂ ಎನ್ನುತ್ತಿದ್ದೆ.

ಮಾರನೆಯ ಮಧ್ಯಾಹ್ನ ಅಕ್ಕ ಅಂಗಡಿಗೆ ನುಗ್ಗಿದಳು. ಕೈಯಲ್ಲಿ ಮಡಚಿದ ಪೇಪರು, ಮುಖ ಕೆಂಡದ ಹಾಗಿತ್ತು. ಅಂಗಡಿಯಲ್ಲಿ ಮಗಳ ಲಂಗದ ಅಳತೆಗೆ ಬಂದಿದ್ದ ಒಬ್ಬ ತಾಯಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು ತನ್ನ ಚೂಡಿದಾರ್‌ಗೆ ಕಾಯುತ್ತಿದ್ದ ಒಬ್ಬ ಹುಡುಗಿ, ಇಷ್ಟೇ ಜನ. ಅಕ್ಕ ಅವರನ್ನೊಮ್ಮೆ ನೋಡಿ, ಕನ್ನಡದಲ್ಲಿ ಶುರು ಮಾಡಿದಳು.

ಇಲ್ಲಿ ನಮ್ಮ ಜನರ ಒಂದು ಬುದ್ಧಿ ಹೇಳಬೇಕು. ಗುಟ್ಟನ್ನು ತಮಿಳಿನಲ್ಲಿ ಹೇಳುವಾಗ ಪಿಸುಗುಟ್ಟುತ್ತೇವೆ. ಅದನ್ನೇ ಕನ್ನಡದಲ್ಲಾದರೆ ಕೂಗಿ ಹೇಳುತ್ತೇವೆ. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಮಗಳ ಮದುವೆ ಮಾತುಕತೆಯಿಂದ ಹಿಡಿದು ಅತ್ತೆಯನ್ನು ಬೈಯುವವರೆಗೆ ಎಲ್ಲವೂ ಕನ್ನಡದಲ್ಲಿ, ದೊಡ್ಡ ಗಂಟಲಲ್ಲಿ. ಹೊರಗಿನ ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ. ನಮ್ಮ ಅಜ್ಜಿಯಂದಿರ ಕಾಲದಿಂದ ಅದು ನಮಗೆ ಬಾಗಿಲು ಹಾಕಿದ ಕೋಣೆ.

"ಕೇಳ್ದ್ಯಾ ಪುಳ್ಳೆ, ಪೇಪರ್ನಾಗೆ ಅವಳ ಫೋಟೋ ಹಾಕವ್ರೆ. ಮೇಯರ್ ಅವಳೇ ಅಂತೆ. ಮೂರು ಎಲೆಕ್ಷನ್ ನಾನು ಕಚ್ಚಿಗೋಸ್ಕರ ಬೀದಿ ಬೀದಿ ಸುತ್ತಿದ್ದು ಯಾವ ಲೆಕ್ಕ?" ಪುಳ್ಳೆ ಎಂದರೆ ಹುಡುಗಿ, ಕಚ್ಚಿ ಎಂದರೆ ಪಕ್ಷ. "ಅವಳು" ಎಂದರೆ ಇನ್ನೊಬ್ಬ ಕೌನ್ಸಿಲರ್, ಮಿಲ್ಲು ಇರುವ ಮನೆಯವರು.

"ಪೇಪರ್ನವ್ರು ಬರ್ದಿದ್ದೆಲ್ಲಾ ನಿಜಾನಾ ಅಕ್ಕ" ಎಂದೆ.

"ನಿಜವೇ. ನನ್ ಗಂಡನ್ನ ಕೇಳಿದ್ರೆ ಬಾಯೇ ಬಿಡ್ತಾ ಇಲ್ಲೆ. ಸಾಕು. ಆ ಕಚ್ಚಿಯವ್ರು ಕರೀತಾ ಅವ್ರೆ, ನೀವು ಬಂದ್ರೆ ನಿಮ್ಮನ್ನೇ ನಿಲ್ಲಿಸ್ತೀವಿ ಅಂತ. ನಾನು, ನನ್ ಜೊತೆ ಇರೋ ನಾಲ್ಕು ಪೇರು. ಸಾಯಂತ್ರ ಬರ್ತೀನಿ ಅಂತ ಸೊಲ್ಲಿಬಿಟ್ಟೆ. ಹೋಗೇ ಬಿಡ್ತೀನಿ ನೋಡು."

ಇಲ್ಲಿ ಪೇರು ಎಂದರೆ ಜನ, ಅವಳ ಜೊತೆಯ ನಾಲ್ವರು ಕೌನ್ಸಿಲರುಗಳು. ಎರಡೇ ಹೆಜ್ಜೆ ದೂರದಲ್ಲಿ, ಕಪಾಟಿನೊಳಗೆ, ಅವಳ ರವಿಕೆ. ಮೇಯರ್ ಆಗುವವಳು ಮೇಯರ್ ಆಗಲಿಲ್ಲವೆಂದು ಸಿಟ್ಟಾಗಿ ಆಚೆ ಪಕ್ಷಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ, ಇವಳ ಬಾಯಿಂದ ಸುದ್ದಿ ಊರಿಗೆ ಹೋಗುತ್ತದೆ. ಹೇಳದಿದ್ದರೆ ಸಾಯಂಕಾಲ ತನ್ನ ಕೈಯಾರೆ ಎಲ್ಲ ಕೆಡಿಸಿಕೊಳ್ಳುತ್ತಾಳೆ. ಮರೆಗೆ ಹೋಗಿ ಅವಳ ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಾರ್ಯದರ್ಶಿಗೆ ಮಾಡಿದೆ, ಫೋನ್ ಆರಿಸಿಟ್ಟಿದ್ದರು. ಲಂಗದ ತಾಯಿಯನ್ನು ಅವಸರದಲ್ಲಿ ಕಳಿಸಿದೆ. ಹುಡುಗಿಗೆ ತಮಿಳಿನಲ್ಲಿ, "ನಾಡಿದ್ದು ಬಾ ಕಣ್ಣು, ಇವತ್ತು ಆಗಲ್ಲ" ಎಂದೆ. ಅವಳು ಅಕ್ಕನನ್ನೇ ನೋಡುತ್ತಾ, ನಗುತ್ತಾ ಹೋದಳು. ಹೆಂಗಸರ ಜಗಳ ನೋಡಿ ನಗುತ್ತಿದ್ದಾಳೆ ಎಂದುಕೊಂಡೆ.

ಶಟರನ್ನು ಅರ್ಧ ಇಳಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಾಯಿಂದ ಹೇಳುವುದಿಲ್ಲ ಎಂದಷ್ಟೇ ನಾನು ಮಾತು ಕೊಟ್ಟದ್ದು ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಕೆಂಪು ರೇಷ್ಮೆಯನ್ನು ಕಪಾಟಿನಿಂದ ತೆಗೆದು, ಮಡಿಕೆ ಬಿಚ್ಚಿ, ಅಕ್ಕನ ಭುಜದ ಮೇಲೆ ಹಾಕಿದೆ.

"ಏನ್ ಮಾಡ್ತಾ ಇದ್ದೀ?"

"ಸುಮ್ನೆ ನಿಲ್ಲು. ಎತ್ತರ ಬೇಕು ನಂಗೆ."

ಭುಜದಿಂದ ಹಿಮ್ಮಡಿಗೆ ಟೇಪು ಇಳಿಸಿದೆ. ಅವಳು ಬಟ್ಟೆ ನೋಡಿದಳು, ನೇಕಾರರ ಮಗಳಲ್ಲವೇ, ಮೊದಲು ಅಂಚು ತಿರುಗಿಸಿ ಹಿಂಭಾಗ ನೋಡಿದಳು. ಆಮೇಲೆ ತೆರೆದಿದ್ದ ಕಪಾಟಿನಲ್ಲಿ ತನ್ನ ರವಿಕೆ ಕಂಡಿತು. ಅದರ ಬಲ ಭುಜದೊಳಗಿನ ಪಟ್ಟಿ ಮುಟ್ಟಿ ನೋಡಿದಳು. ಸ್ಟೂಲಿನ ಮೇಲೆ ಕೂತು, ಬಟ್ಟೆ ಮಣ್ಣಾಗಬಾರದೆಂದು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಅತ್ತಳು. ನನಗೂ ಅಳು ಬಂತು. ನಾನು ಒಂದು ಮಾತೂ ಆಡಲಿಲ್ಲ, ಆ ವಿಷಯದಲ್ಲಿ ಇಂದಿಗೂ ನನ್ನ ಮನಸ್ಸಾಕ್ಷಿ ಶುದ್ಧವಾಗಿದೆ.

ಕಣ್ಣೊರೆಸಿಕೊಂಡು ಆಚೆ ಪಕ್ಷದವರಿಗೆ ಫೋನ್ ಮಾಡಿದಳು. "ಬರುವುದಿಲ್ಲ, ಮನ್ನಿಸಿ" ಎಂದು ತಮಿಳಿನಲ್ಲಿ, ಪಿಸುಮಾತಿನಲ್ಲಿ ಹೇಳಿದಳು.

ಅಂದು ಸಂಜೆ ಅಣ್ಣನಿಗೆ ಹೆಸರು ಹೇಳಿದೆ. ಆ ತುದಿಯಲ್ಲಿ ಅವನೂ ಹೇಳಿದ. ಮೂಲೆಗೆ ಅರಿಶಿನ ಹಚ್ಚಿ ಕತ್ತರಿ ಹಾಕಿದೆ. ರೇಷ್ಮೆ ಮೇಜಿನ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಕೆಳಗೆ ಕಾಗದ ಹಾಸಿ, ಬಟ್ಟೆಯನ್ನು ಕಾಗದಕ್ಕೇ ಕಚ್ಚಾ ಹೊಲಿಗೆ ಹಾಕಿ, ಕಾಗದ ಸಮೇತ ಕತ್ತರಿಸಬೇಕು. ಹಿಂಭಾಗದ ನೆರಿಗೆ ಎಲ್ಲ ಒಂದೇ ಅಗಲ ಇರಬೇಕು, ಅಂಚಿನ ಜರಿ ಎಡ ಬಲ ಕೂಡಬೇಕು. ಎಲ್ಲಕ್ಕಿಂತ ಕಷ್ಟ ಎಂದರೆ ರೇಷ್ಮೆ ತಪ್ಪನ್ನು ಮರೆಯುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಹಾಗೇ ಉಳಿಯುತ್ತದೆ. ಬಲ ಭುಜದೊಳಗೆ ಅರ್ಧ ಇಂಚಿನ ಪಟ್ಟಿ ಕೂರಿಸಿದೆ. ಅಕ್ಕನ ಮೈಗೆ ಅಚ್ಚು ತೆಗೆದ ಹಾಗೆ ಗೌನು ಎದ್ದು ನಿಂತಿತು.

ಚುನಾವಣೆಗೆ ಇನ್ನೆರಡು ದಿನ ಇದೆ ಎನ್ನುವಾಗ ಕಾರ್ಯದರ್ಶಿ ಮತ್ತೆ ಬಂದರು. ಕೈಯಲ್ಲಿ ಇನ್ನೊಂದು ಪ್ಲಾಸ್ಟಿಕ್ ಕವರು. ಒಳಗಿದ್ದ ರವಿಕೆ ನನ್ನ ಹೊಲಿಗೆಯದಲ್ಲ. ದೊಡ್ಡ ಅಂಗಡಿಯದು, ಒಳಗೆ ಸ್ಪಂಜು ಇಟ್ಟದ್ದು, ಭುಜ ಅಗಲ.

"ಇದರ ಅಳತೆಗೆ ಮಾಡಿ. ಎತ್ತರ ಅವರಿಗಿಂತ ಕಡಿಮೆ, ಒಂದು ಗೇಣು ಕಡಿಮೆ ಅಂತ ಇಟ್ಟುಕೊಳ್ಳಿ."

"ಯಾಕೆ?" ಎಂದೆ. ಕೇಳಬಾರದಿತ್ತು, ಕೇಳಿದೆ.

"ಅವರು ಆಚೆ ಕಡೆ ಹೋಗುತ್ತೇನೆ ಅಂದರಂತೆ. ಇದೇ ಅಂಗಡಿಯಲ್ಲಿ ನಿಂತು, ಎಲ್ಲರೆದುರಿಗೆ. ನಿಜವೋ ಸುಳ್ಳೋ?"

"ಅದು ಕೋಪದ ಮಾತು. ಹೋಗಲಿಲ್ಲವಲ್ಲ."

"ಅಂದದ್ದು ನಿಜ ತಾನೇ ಅಮ್ಮಣಿ? ಮೇಲಿನವರಿಗೆ ಮುಟ್ಟಿಬಿಟ್ಟಿದೆ. ನಾಳೆ ಮೇಯರ್ ಆದ ಮೇಲೆ ಹಾರಿದರೆ ಏನು ಗತಿ ಅಂತಾರೆ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ." ಅವರು ಹೊಸ ರವಿಕೆ ಮೇಜಿನ ಮೇಲಿಟ್ಟು, ಹಳೆಯದನ್ನು ಕವರಿಗೆ ಹಾಕಿಕೊಂಡು ಹೋದರು.

ಯಾರು ಹೇಳಿದ್ದು? ಅಂಗಡಿಯಲ್ಲಿ ಇದ್ದದ್ದು ಇಬ್ಬರು, ಇಬ್ಬರಿಗೂ ಕನ್ನಡ ಗೊತ್ತಿಲ್ಲ. ಅಕ್ಕನ ಗಂಡನ ಮೇಲೂ ಸಂಶಯ ಪಟ್ಟೆ, ದೇವರು ಕ್ಷಮಿಸಲಿ.

ಅದೇ ಸಂಜೆ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದ ಹುಡುಗಿ ಚೂಡಿದಾರ್‌ಗೆ ಬಂದಳು. ನಿಂತವಳೇ ಒಳ್ಳೆ ಸ್ಪಷ್ಟ ಕನ್ನಡದಲ್ಲಿ ಕೇಳಿದಳು. "ಆಂಟಿ, ಆವತ್ತು ಬಂದಿದ್ರಲ್ಲ, ಆ ಅಮ್ಮ ಆ ಪಾರ್ಟಿಗೆ ಹೋದ್ರಾ?"

ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಕೈಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದಲ್ಲ ಅನಿಸಿತು.

ಹುಡುಗಿ ಹಾವೇರಿ ಕಡೆಯವಳು, ನಾನು ಹೇಳಿದ್ದನ್ನು ಈಗ ಬರೆದುಕೊಂಡವಳು ಇವಳೇ. ಇಲ್ಲಿ ಯಂತ್ರ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಬಾಡಿಗೆಗೆ ಇದ್ದದ್ದು ಪಕ್ಷದ ವಾರ್ಡ್ ಮುಖಂಡನ ಮನೆಯ ಮಹಡಿಯಲ್ಲಿ. "ಈ ಊರಿಗೆ ಬಂದ ಮೇಲೆ ಬೀದೀಲಿ ಕನ್ನಡ ಕೇಳಿದ್ದು ಅದೇ ಮೊದಲು ಆಂಟಿ. ಎಷ್ಟು ಖುಷಿ ಆಯ್ತು ಗೊತ್ತಾ? ಹಾಡು ನಿಲ್ಸಿ ಪೂರ್ತಿ ಕೇಳಿಸ್ಕೊಂಡೆ. ಮನೆಗೆ ಹೋಗಿ ಓನರ್ ಆಂಟಿಗೂ ಹೇಳಿದೆ, ನಿಮ್ಮೂರಲ್ಲೂ ಕನ್ನಡದೋರಿದ್ದಾರೆ, ಒಬ್ರು ಹೀಗ್ ಹೀಗೆ ಬೈತಾ ಇದ್ರು ಅಂತ" ಎಂದಳು.

ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯುವುದು? ಆ ಮಗುವಿನ ಮುಖದಲ್ಲಿ ಕಪಟ ಇರಲಿಲ್ಲ. ತಾಯಿಯ ಮಾತು ಕಿವಿಗೆ ಬಿದ್ದ ಸಂತೋಷವನ್ನು ಮನೆಯೊಡತಿಗೆ ಹಂಚಿಕೊಂಡಿದ್ದಳು, ಅಷ್ಟೇ. ಕೋಣೆಗೆ ಬಾಗಿಲೇ ಇಲ್ಲ ಎಂಬುದು ನಮಗೇ ತಿಳಿಯದೆ ಹೋದರೆ ಅವಳೇನು ಮಾಡುತ್ತಾಳೆ. ಕೂರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಸಣ್ಣದಾಯಿತು. "ನಾನೇ ಬಂದು ಹೇಳ್ತೀನಿ ಆಂಟಿ. ಅವರು ಸಿಟ್ಟಲ್ಲಿ ಹೇಳಿದ್ದು, ನಿಜವಾಗಿ ಹೇಳಿದ್ದಲ್ಲ ಅಂತ" ಎಂದಳು.

ಅಂಗಡಿ ಮುಚ್ಚಿದೆ. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾರ್ಯದರ್ಶಿಯ ಮನೆಗೆ ಹೋದೆ. ಹುಡುಗಿ ತನಗೆ ಬರುವ ಅರ್ಧಂಬರ್ಧ ತಮಿಳಿನಲ್ಲಿ ಹೇಳಿದಳು. ಅಕ್ಕ ಅಂದೇ ಆಚೆಯವರಿಗೆ ಬರುವುದಿಲ್ಲ ಎಂದು ಫೋನ್ ಮಾಡಿದ್ದನ್ನು ನಾನು ಹೇಳಿದೆ. ಅವರು ತಲೆಯಾಡಿಸಿದರು, ನಂಬಿದರೆಂದು ಕಾಣುತ್ತಿತ್ತು. ಆದರೆ ಕೇಳಿದರು, "ಸಿಟ್ಟು ಯಾಕೆ ಇಳಿಯಿತು? ಆಚೆಯವರಿಗೆ ಬರುವುದಿಲ್ಲ ಅಂತ ಫೋನ್ ಮಾಡಿದ್ದು ಯಾಕೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವಳನ್ನು ಉಳಿಸಬೇಕಾದರೆ ಪೂರ್ತಿ ನಿಜವೇ ಬೇಕು ಎಂದುಕೊಂಡೆ. "ನಾನು ಅವಳ ಎತ್ತರ ಅಳೆದೆ. ಆ ಬಟ್ಟೆ ಹಾಕಿಯೇ ಅಳೆದೆ" ಎಂದೆ.

ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಹಾಗಾದರೆ ಕುರ್ಚಿ ತನ್ನದೇ ಅಂತ ಗೊತ್ತಾಗಿ ನಿಂತರು. ಪಕ್ಷಕ್ಕಾಗಿ ನಿಲ್ಲಲಿಲ್ಲ. ಮೇಲಿನವರು ಇದನ್ನೇ ಹೇಳುತ್ತಾರೆ. ಹೋಗಿ ಅಮ್ಮಣಿ, ಗೌನು ಮುಗಿಸಿ. ನೀವು ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ನಿಮ್ಮ ಕೆಲಸವೂ ಹೋಗುತ್ತದೆ" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಜ ಹೇಳಿಯೂ ಕೆಡುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

ಅಲ್ಲಿಂದ ಅಕ್ಕನ ಮನೆಗೆ. ಹುಡುಗಿ ಒಳಗೆ ಬರಲು ಹೆದರಿ ಗೇಟಿನ ಬಳಿಯೇ ನಿಂತಳು. ಅಕ್ಕ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನೆಂಟರಿಗೆಲ್ಲ ಕಣ್ಣಲ್ಲೇ ಏನೋ ಹೇಳಿದ್ದಳು ಅನಿಸುತ್ತದೆ, ಮನೆ ತುಂಬ ಹುರುಪು. ಅವಳನ್ನು ಹಿತ್ತಿಲಿಗೆ ಕರೆದೊಯ್ದು, ಸುತ್ತಿ ಬಳಸದೆ ಹೇಳಿದೆ. ಎರಡನೇ ರವಿಕೆ ಬಂದಿದೆ, ನಿನ್ನದನ್ನು ವಾಪಸ್ಸು ತೆಗೆದುಕೊಂಡು ಹೋದರು, ಕೇಳಿಸಿಕೊಂಡದ್ದು ಇಂಥ ಹುಡುಗಿ.

ಅಕ್ಕ ಸೊಪ್ಪಿನ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಳು. ಕೊನೆಗೆ ಕೇಳಿದಳು, "ಅವಳ ತೋಳು ಅಗಲ. ಬಟ್ಟೆ ಪತ್ತುತ್ತಾ?" ಸಾಲುತ್ತದೆಯೇ ಎಂದು. ಕುರ್ಚಿ ಹೋಯಿತು, ಅವಳು ಕೇಳಿದ್ದು ಬಟ್ಟೆಯನ್ನು. ನನಗೆ ತಡೆಯಲಾಗಲಿಲ್ಲ, ಬಾವಿಯ ಕಟ್ಟೆ ಮೇಲೆ ಕೂತು ಅತ್ತೆ.

"ಆ ಕಚ್ಚಿಯವ್ರು ಇನ್ನೂ ಕರೀತಾ ಅವ್ರಾ?" ಎಂದೆ.

"ಕರೀತಾ ಅವ್ರೆ. ಬೆಳಿಗ್ಗೇನೂ ಫೋನ್ ಬಂತು."

"ಹೋಗ್ಬಿಡು ಅಕ್ಕ. ನಾ ಆದ್ರೆ ಹೋಗ್ತಿದ್ದೆ."

"ಈಗ ಹೋದ್ರೆ ಅವ್ರು ಸೊಲ್ಲಿದ್ದು ನಿಜ ಆಗಿಬಿಡ್ತದೆ" ಎಂದಳು. "ನೀ ಹೋಗಿ ಹೊಲಿ."

ಅಣ್ಣನಿಗೆ ಫೋನ್ ಮಾಡಿ ಅರಿಶಿನದ ವಿಷಯ ಕೇಳಿದೆ. ಒಬ್ಬರ ಹೆಸರು ಹೇಳಿ ಕತ್ತರಿಸಿದ್ದಾಗಿದೆ, ಈಗ ಇನ್ನೊಬ್ಬರ ಹೆಸರು ಹೇಳಬಹುದೇ? ಅವನು ಯೋಚಿಸಿ, "ಎಲ್ಡ್ ಪೇರು ಹೇಳೋ ಪಳಕ್ಕ ನಮ್ಮಲ್ಲಿಲ್ಲೆ. ಸುಮ್ನೆ ಹೊಲಿ" ಎಂದ. ಪಳಕ್ಕ ಎಂದರೆ ರೂಢಿ. ಅವನ ದನಿಯಲ್ಲೂ ಜೀವ ಇರಲಿಲ್ಲ.

ಬೆಳಿಗ್ಗೆ ಗೌನು ಬಿಚ್ಚಲು ಕೂತೆ. ಭುಜಪಟ್ಟಿಯ ಹೊಲಿಗೆ ಒಂದೊಂದೇ ಕತ್ತರಿಸಿ ತೆಗೆದೆ. ನಾನು ಹೆದರಿದ ಹಾಗೆಯೇ ಕೆಂಪು ರೇಷ್ಮೆಯ ಮೇಲೆ ತೂತುಗಳ ಸಾಲು ಉಳಿಯಿತು. ಎತ್ತರ ಕಡಿಮೆ ಬೇಕಾದ್ದರಿಂದ ಕೆಳಗಿನ ಜರಿ ಅಂಚು ಬಿಡಿಸಿ, ಒಂದು ಗೇಣು ಬಟ್ಟೆ ಕತ್ತರಿಸಿ, ಅಂಚನ್ನು ಮತ್ತೆ ಕೂಡಿಸಿದೆ. ಆ ಒಂದು ಗೇಣು ಬಟ್ಟೆ ಎರಡು ಕಂಕುಳಿಗೂ ಪಕ್ಕಕ್ಕೂ ಆಯಿತು. ತೂತಿನ ಸಾಲು ಮುಚ್ಚಲು ಭುಜದ ಮೇಲೆ ಜರಿಯ ಪಟ್ಟಿ ಓಡಿಸಿದೆ. ಬಲ ಭುಜದೊಳಗಿನ ಅರ್ಧ ಇಂಚನ್ನು ತೆಗೆಯುವಾಗ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ರಕ್ತ ಬಟ್ಟೆಗೆ ತಾಗದ ಹಾಗೆ ಬಾಯಲ್ಲಿಟ್ಟುಕೊಂಡೆ. ಹುಡುಗಿ ಕೆಲಸಕ್ಕೆ ರಜೆ ಹಾಕಿ ಬಂದು ಪಕ್ಕದಲ್ಲಿ ಕೂತಿದ್ದಳು. ಹೊಲಿಗೆ ಬಾರದು, ದಾರ ಪೋಣಿಸಿಕೊಟ್ಟಳು.

ಚುನಾವಣೆಯ ದಿನ ಅಧಿಕಾರಿ ನನ್ನನ್ನು ಕೌನ್ಸಿಲ್ ಹಾಲಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದರು. ಸೂಜಿ, ದಾರ, ಇಸ್ತ್ರಿ ಪೆಟ್ಟಿಗೆ, ಗೌನು. ಬಾಗಿಲ ಸಂದಿಯಿಂದ ಹಾಲು ಕಾಣುತ್ತಿತ್ತು. ಅಕ್ಕ ಮೂರನೇ ಸಾಲಿನಲ್ಲಿದ್ದಳು. ಪಕ್ಷದವರು ಅವಳ ಎರಡೂ ಪಕ್ಕದಲ್ಲಿ ಇಬ್ಬರನ್ನು ಕೂರಿಸಿದ್ದರು, ಕಾವಲಿಗೆ. ಅವಳಿಗೆ ಗೊತ್ತಿತ್ತು. ನೇರ ಎದುರಿಗೆ ನೋಡುತ್ತಾ ಕೂತಿದ್ದಳು.

ಆಯುಕ್ತರು ನಾಮಪತ್ರ ಕರೆದರು. ಪಕ್ಷದ ಕಡೆಯಿಂದ ಮಿಲ್ಲಿನ ಮನೆಯವರು. ಆಚೆ ಪಕ್ಷದವರು ತಮ್ಮ ಕಾಗದ ಹಿಡಿದು ಸುಮ್ಮನೆ ಕೂತಿದ್ದರು, ಅಕ್ಕನ ಕಡೆ ನೋಡುತ್ತಾ. ಇನ್ನೂ ಕಾಯುತ್ತಿದ್ದಾರೆ ಎಂದು ಇಡೀ ಹಾಲಿಗೆ ಅರ್ಥವಾಯಿತು. ಅವಳು ಎದ್ದು ಆಚೆ ನಡೆದರೆ ಮುಗಿಯಿತು. ಎದ್ದೇಳು ಎಂದು ಒಂದು ಮನಸ್ಸು, ಕೂತಿರು ಎಂದು ಇನ್ನೊಂದು. ಅಕ್ಕ ಸೆರಗು ಸರಿಮಾಡಿಕೊಂಡಳು, ಅಷ್ಟೇ. ಸಮಯ ಮುಗಿಯುವ ಹೊತ್ತಿಗೆ ಆಚೆಯವರು ಬೇರೆ ಒಬ್ಬರ ಹೆಸರು ಕೊಟ್ಟರು.

ಒಬ್ಬೊಬ್ಬರಾಗಿ ಮರೆಗೆ ಹೋಗಿ ಗುರುತು ಹಾಕಿ ಪೆಟ್ಟಿಗೆಗೆ ಚೀಟಿ ಹಾಕಿದರು. ಅಕ್ಕನ ಸರದಿಗೆ ಹಾಲು ಪೂರ್ತಿ ತಿರುಗಿ ನೋಡಿತು. ಎಣಿಕೆಯಲ್ಲಿ ಪಕ್ಷ ಗೆದ್ದದ್ದು ಮೂರೇ ಮತದಿಂದ. ಅಕ್ಕ, ಅವಳ ನಾಲ್ಕು ಗೆಳತಿಯರು ಆಚೆ ಹಾಕಿದ್ದರೆ ಆ ಕುರ್ಚಿ ಉಳಿಯುತ್ತಿರಲಿಲ್ಲ. ಇದನ್ನು ಹಾಲಿನಲ್ಲಿದ್ದ ಎಲ್ಲರೂ ಲೆಕ್ಕ ಹಾಕಿದರು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೊಸ ಮೇಯರ್ ನನ್ನ ಕೋಣೆಗೆ ಬಂದರು. ಕೆಟ್ಟ ಹೆಂಗಸಲ್ಲ, ತೋಳು ತೂರಿಸುವ ಮೊದಲು ಬಟ್ಟೆಯನ್ನು ಕಣ್ಣಿಗೊತ್ತಿಕೊಂಡರು. ಗೌನು ಸರಿಯಾಗಿ ಕೂತಿತು. ಪ್ರಮಾಣವಚನ ಆಯಿತು, ಕೌನ್ಸಿಲರುಗಳು ಸಾಲಾಗಿ ಬಂದು ಶಾಲು ಹೊದಿಸಿದರು. ಅಕ್ಕನೂ ಬಂದು ಹೊದಿಸಿ, ಕೈ ಮುಗಿದು, ಪಕ್ಕಕ್ಕೆ ಸರಿದಳು. ಸರಿದವಳು ನನ್ನ ಬಾಗಿಲ ಬಳಿ ಬಂದು ನಿಂತಳು.

"ಅಕ್ಕ, ಊಟ ಮಾಡಿಲ್ಲ ಅಲ್ಲಾ ನೀನು. ಮನೆಗೆ ಬಾ" ಎಂದೆ.

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ತಮಿಳಿನಲ್ಲಿ, ಮೆಲ್ಲಗೆ, "ನಲ್ಲಾ ತೆಚ್ಚಿರುಕ್ಕೀಂಗ" ಎಂದಳು. ಚೆನ್ನಾಗಿ ಹೊಲಿದಿದ್ದೀರಿ ಎಂದು. ಹುಟ್ಟಿದಾಗಿನಿಂದ ನನ್ನ ಜೊತೆ ತಮಿಳು ಆಡಿದವಳಲ್ಲ, ನನ್ನನ್ನು ನೀವು ಎಂದವಳಲ್ಲ. ಕೋಪ ಇದ್ದಿದ್ದರೆ ಕನ್ನಡದಲ್ಲೇ, ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದಳು, ನಾನು ಬೈಸಿಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ಇದ್ದದ್ದು ಹೆದರಿಕೆ. ಎಲೆಕ್ಷನ್ನಿಗೆ ಹೆದರದವಳು, ಪಕ್ಷದ ದೊಡ್ಡವರಿಗೆ ಹೆದರದವಳು, ನಮ್ಮ ಮನೆಮಾತಿಗೆ ಹೆದರಿದ್ದಳು.

ನಾನೂ ಸುತ್ತ ಒಮ್ಮೆ ನೋಡಿದೆ. ಆಮೇಲೆ ತಮಿಳಿನಲ್ಲೇ, "ಬನ್ನಿ, ಹೋಗೋಣ" ಎಂದೆ.